ಟೇಪಕ್ಕ ತಲೆ ನೋಡದೆ ಹೆಸರಿಟ್ಟ ಹಾವು

ನಮ್ಮ ಊರಿನಲ್ಲಿ ಹಾವು ಕಂಡವರು ಮೊದಲು ಕೂಗುತ್ತಾರೆ, ಆಮೇಲೆ ಕೋಲು ಹುಡುಕುತ್ತಾರೆ, ಕೋಲು ಸಿಗದಿದ್ದರೆ ಟೈಲರ್ ಅಂಗಡಿಗೆ ಓಡುತ್ತಾರೆ. ಈಚೆಗೆ ಕೋಲು ಸಿಕ್ಕವರೂ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಟೈಲರ್ ಅಂಗಡಿಗೆ ಬರುವುದುಂಟು. ಇಷ್ಟು ಬದಲಾವಣೆಗೆ ಟೇಪಕ್ಕನಿಗೆ ಇಪ್ಪತ್ತು ವರ್ಷ ಹಿಡಿಯಿತು.

ಅವರಿಗೊಂದು ಸರಿಯಾದ ಹೆಸರಿದೆ. ಅದು ಅಂಗಡಿಯ ಪರವಾನಗಿ ಕಾಗದದ ಮೇಲೆ ಚೌಕಟ್ಟಿನೊಳಗೆ ತಣ್ಣಗೆ ಕೂತಿದೆ. ಊರಿಗೆಲ್ಲ ಅವರು ಟೇಪಕ್ಕ. ಕುತ್ತಿಗೆಯಲ್ಲಿ ಅಳತೆ ಟೇಪು ಇಲ್ಲದೆ ಅವರನ್ನು ಕಂಡವರಿಲ್ಲ. ಸ್ನಾನಕ್ಕೆ ಹೋಗುವಾಗಲಾದರೂ ತೆಗೆದಿಡುತ್ತಾರೋ ಇಲ್ಲವೋ ಎಂದು ನಮ್ಮ ಅತ್ತೆಗೆ ಇವತ್ತಿಗೂ ಅನುಮಾನ. ಗಂಡ ಲಾರಿ ಓಡಿಸುತ್ತಾರೆ. ವಾರಕ್ಕೆರಡು ದಿನ ಮನೆಯಲ್ಲಿರುತ್ತಾರೆ, ಆ ಎರಡು ದಿನ ಮಾತ್ರ ಯಾರೂ ಹಾವಿನ ಸುದ್ದಿ ತರಬೇಡಿ ಎಂದು ಕಂಡಕಂಡವರಿಗೆಲ್ಲ ಕೈಮುಗಿಯುತ್ತಾರೆ.

ಬಸ್ಸು ತಿರುಗುವ ಜಾಗದಲ್ಲಿ ಅವರ ಅಂಗಡಿ. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ ಒಂದು, ಮೋಟಾರಿನದು ಒಂದು, ಬಟ್ಟೆ ಕತ್ತರಿಸಲು ಹಳೆಯ ಬಾಗಿಲನ್ನೇ ಮಲಗಿಸಿ ಮಾಡಿದ ಮೇಜು. ಬಾಗಿಲಿನ ಚಿಲಕ ಇನ್ನೂ ಅದರಲ್ಲೇ ಇದೆ, ಕತ್ತರಿಯನ್ನು ಅದಕ್ಕೆ ಸಿಕ್ಕಿಸುತ್ತಾರೆ. ಒಂದು ಗೋಡೆಯ ತುಂಬ ಕಂದು ಕಾಗದದಲ್ಲಿ ಕತ್ತರಿಸಿದ ಕಾಲರು, ತೋಳು, ಕಿಸೆಗಳ ಅಚ್ಚುಗಳು ಮೊಳೆಗೆ ತೂಗುತ್ತವೆ. ಅದರ ಎದುರು ಗೋಡೆಯ ಮೇಲೆ ಹಾವಿನ ಪೊರೆಗಳು.

ಪೊರೆಗಳನ್ನು ದಪ್ಪ ರಟ್ಟಿನ ಮೇಲೆ ಗುಂಡುಸೂಜಿಯಿಂದ ಚುಚ್ಚಿಟ್ಟಿದ್ದಾರೆ. ಟೇಪಕ್ಕನಿಗೆ ಓದಲು ಬರುತ್ತದೆ, ಬರೆಯುವುದೆಂದರೆ ಅಂಕಿ ಮಾತ್ರ. ಹಾಗಾಗಿ ಪೊರೆಯ ಪಕ್ಕದಲ್ಲಿ ಹೆಸರಿನ ಬದಲು ಒಂದೊಂದು ಬಟ್ಟೆ ತುಂಡು ಅಂಟಿಸಿದ್ದಾರೆ. ನೀರುಹಾವಿಗೆ ಚೌಕುಳಿ ಬಟ್ಟೆ. ಹಸಿರುಹಾವಿಗೆ ಶಾಲೆಯ ಹುಡುಗಿಯರ ರಿಬ್ಬನ್ನು. ಕೊಳಕುಮಂಡಲಕ್ಕೆ ಸರಪಳಿಯಂತೆ ಮೂರು ಸಾಲು ಉಂಗುರವಿರುವ ಪರದೆಯ ಚೂರು. ಕೇರೆಗೆ ಪ್ಯಾಂಟಿನೊಳಗೆ ಹಾಕುವ ಮಾಸಲು ಅಸ್ತರಿ. ಹಾವು ಕಂಡವರು ಬಂದರೆ ಆ ಗೋಡೆಯ ಮುಂದೆ ನಿಲ್ಲಿಸಿ, "ಯಾವ ಬಟ್ಟೆ?" ಎಂದು ಕೇಳುತ್ತಾರೆ. ಹೆದರಿದವರ ಬಾಯಲ್ಲಿ ಮಾತು ಹೊರಡದಿದ್ದರೂ ಬೆರಳು ಹೊರಡುತ್ತದೆ.

ಹಾವಿನ ಮೇಲಿನ ಪ್ರೀತಿಯಿಂದ ಅವರು ಇದನ್ನು ಕಲಿಯಲಿಲ್ಲ. ಅಂಗಡಿ ತೆರೆದ ವರ್ಷ ಹಿಂಬದಿಯ ಸೌದೆ ಕೊಟ್ಟಿಗೆಯಲ್ಲಿ ಉದ್ದನೆಯ ಹಾವೊಂದು ಕಂಡಿತಂತೆ. ನಾಗರಹಾವೇ ಎಂದು ತಿಳಿದು, ಹಾದಿಯಲ್ಲಿ ಹೋಗುತ್ತಿದ್ದ ಇಬ್ಬರನ್ನು ಕರೆದು ಹೊಡೆಸಿಬಿಟ್ಟರು. ಅದು ಕೇರೆ. ಅದು ಸತ್ತ ತಿಂಗಳೊಳಗೆ ಇಲಿಗಳು ಅಂಗಡಿಯ ಮರದ ಪೆಟ್ಟಿಗೆಯ ಮೂಲೆ ಕೊರೆದು, ಮದುವೆಗೆ ಬಾರಿಸುವ ಬ್ಯಾಂಡಿನವರ ಎಂಟು ಕೋಟುಗಳ ಕಂಕುಳನ್ನು ತಿಂದುಹಾಕಿದವು. ಎಂಟಕ್ಕೆ ಎಂಟೂ. ಬ್ಯಾಂಡಿನವರು ಕೈ ಎತ್ತದೆ ತುತ್ತೂರಿ ಊದಬೇಕಾಯಿತು.

"ಹಾವಿನ ದ್ವೇಷ ಹನ್ನೆರಡು ವರ್ಷ ಅಂತಾರೆ" ಎನ್ನುತ್ತಾರೆ ಟೇಪಕ್ಕ. "ನಂಗೆ ಇಲಿ ಮೇಲೆ ಇಪ್ಪತ್ತು ವರ್ಷದಿಂದ ಇದೆ, ಇನ್ನೂ ಇಳಿದಿಲ್ಲ."

ಆಗಿನಿಂದ ಅವರು ಯಾವ ಹಾವು ಇರಬೇಕು, ಯಾವುದಕ್ಕೆ ಜನ ಕರೆಸಬೇಕು ಎಂದು ನೋಡಿ ನೋಡಿ ಕಲಿತರು. ಪೊರೆ ಸಿಕ್ಕಿದರೆ ಟೇಪು ಹಿಡಿದು ಅಳೆದರು, ಬೆಳಕಿಗೆ ಹಿಡಿದು ನೇಯ್ಗೆ ನೋಡುವ ಹಾಗೆ ಹುರುಪೆ ನೋಡಿದರು. ಬಟ್ಟೆ ವಿಷಯದಲ್ಲಿ ಅವರದೊಂದು ಹಟವಿದೆ: ಬಾಯಿಮಾತಿನ ಅಳತೆ ತೆಗೆದುಕೊಳ್ಳುವುದಿಲ್ಲ. ಒಂದೋ ಆಳು ಬರಬೇಕು, ಇಲ್ಲವೇ ಅಳತೆಗೆ ಹಳೇ ಬಟ್ಟೆ ಬರಬೇಕು. ಅದೇ ಹಟ ಹಾವಿಗೂ. ಪೊರೆ ತನ್ನಿ, ಇಲ್ಲವೇ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿ. ತಲೆ ನೋಡದೆ ಹೆಸರಿಡುವುದಿಲ್ಲ.

ಆ ಹಟವನ್ನು ಅವರು ಒಮ್ಮೆ ಬಿಟ್ಟರು. ಅದು ನಮ್ಮ ಮನೆಯ ಹಾವಿನ ವಿಷಯದಲ್ಲಿ.

ನಾನು ಮದುವೆಯಾಗಿ ಬರುವ ತನಕ ಮೂರನೇ ಮಹಡಿಯಲ್ಲಿ ಬೆಳೆದವಳು. ಹಲ್ಲಿಗಿಂತ ಉದ್ದದ ಪ್ರಾಣಿ ಮನೆಯೊಳಗೆ ಬರಬಹುದೆಂಬ ಕಲ್ಪನೆಯೇ ನನಗಿರಲಿಲ್ಲ. ಈ ಮನೆ ಊರಿನ ಕೊನೆಯಲ್ಲಿದೆ. ಹಿಂದೆ ಹೊಲ, ಬದಿಗೆ ಕಲ್ಲು ಪೇರಿಸಿದ ಗೋಡೆ. ಬಂದ ಮೊದಲ ವರ್ಷದಲ್ಲೇ ಹನ್ನೊಂದು ಹಾವು ಕಂಡೆ. ಕಂಡದ್ದನ್ನೆಲ್ಲ ಬರೆದಿಡುವ ಚಾಳಿ ನನಗೆ ಮೊದಲಿಂದಲೂ ಇತ್ತು, ಹಾವುಗಳೂ ಡೈರಿ ಸೇರಿದವು. ಟೇಪಕ್ಕ ನನಗೆ ನೋಡುವ ಕ್ರಮ ಹೇಳಿಕೊಟ್ಟರು: ಮೊದಲು ಕತ್ತು, ಆಮೇಲೆ ನಡು, ಕೊನೆಗೆ ಅಂಚು, ಉಡುಪು ನೋಡುವ ಹಾಗೆ. ಹೆಡೆ ಬಿಚ್ಚದ ಮಾತ್ರಕ್ಕೆ ನಾಗರವಲ್ಲ ಎನ್ನಬೇಡ, ಸಿಟ್ಟು ಬರುವ ತನಕ ಅದೂ ಸಾದಾ ಹಾವಿನಂತೆಯೇ ಹೋಗುತ್ತಿರುತ್ತದೆ. ಕುಕ್ಕರಿನ ಹಾಗೆ ಬುಸುಗುಟ್ಟಿದರೆ ಅದು ಕೊಳಕುಮಂಡಲ, ಹತ್ತಿರ ಹೋಗಿ ಉಂಗುರ ಎಣಿಸಬೇಡ. ಯಾವುದನ್ನೇ ಆಗಲಿ, ನಾಲ್ಕು ಮಾರು ದೂರದಿಂದ ನೋಡು.

ಅತ್ತೆಗೆ ಈ ಪಾಠಗಳಲ್ಲಿ ನಂಬಿಕೆಯಿರಲಿಲ್ಲ. ಒಂದು ದಿನ ಕೋಳಿಗೂಡಿನ ಹತ್ತಿರ ಕೇರೆ ಕಂಡು ಅವರು ಒನಕೆ ಎತ್ತಿದಾಗ ಟೇಪಕ್ಕ ಅಲ್ಲೇ ಇದ್ದರು.

"ಬಿಡ್ರೀ ಅಮ್ಮ, ಅದು ನಿಮ್ಮ ಮನೆ ಕೂಲಿಯಾಳು. ಸಂಬಳ ಇಲ್ದೆ ಇಲಿ ಹಿಡಿಯುತ್ತೆ."

"ಸಂಬಳ ಇಲ್ಲ ಅಂತ ನನ್ನ ಮೊಟ್ಟೆ ತಿಂದ್ಕೊಂಡು ಹೋಗುತ್ತಲ್ಲ!"

"ಊಟ ಹಾಕ್ದೆ ಯಾವ ಆಳು ನಿಲ್ತಾನೆ ಹೇಳಿ."

ಅತ್ತೆ ಒನಕೆ ಇಳಿಸಿದರು, ಮುಖ ಇಳಿಸಲಿಲ್ಲ. "ಇವಳೊಬ್ಬಳು ಹಾವಿನ ವಕೀಲೆ, ನೀನೊಬ್ಬಳು ಗುಮಾಸ್ತೆ" ಎಂದು ನನ್ನ ಡೈರಿಗೂ ಒಂದು ಕೊಟ್ಟರು.

ಹೋದ ವರ್ಷ ಮಗಳು ಪುಟ್ಟಿ ಹುಟ್ಟಿದ ಮೇಲೆ ಡೈರಿ ಬರೆಯುವುದು ಬರೀ ಚಾಳಿಯಾಗಿ ಉಳಿಯಲಿಲ್ಲ. ಅವಳು ಅಂಬೆಗಾಲಿಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ಬಾಯಿಗಿಡುವ ಹೊತ್ತಿಗೆ ನನಗೆ ಪ್ರತಿ ಹಾವಿನ ಹೆಸರೂ ಬೇಕಾಯಿತು. ನಾನೂ ಅವಳೂ ಮಲಗುವುದು ನೆಲದ ಮೇಲಿನ ಹಾಸಿಗೆಯಲ್ಲಿ. ಮಂಚದಿಂದ ಉರುಳಿಬಿದ್ದಾಳೆಂದು ನಾನೇ ಹಾಸಿಗೆಯನ್ನು ಕೆಳಗಿಳಿಸಿದ್ದೆ. ಆ ಕೋಣೆಯ ಗೋಡೆಗೆ ಹೊರಗಿನಿಂದ ಹಳೆಯ ಹೆಂಚಿನ ರಾಶಿ ಒರಗಿತ್ತು. ನಮ್ಮವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಊರಿನ ಬಸ್ಸುಗಳನ್ನೆಲ್ಲ ರಿಪೇರಿ ಮಾಡಿ ಬಂದವರಿಗೆ ಆ ರಾಶಿ ತೆಗೆಯಲು ಯಾವ ಭಾನುವಾರವೂ ಸಾಲುತ್ತಿರಲಿಲ್ಲ.

ಶಾಲೆ ಶುರುವಾಗುವ ಮುಂಚಿನ ವಾರ, ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದಾಗ ಒಂದು ಹೆಂಚು ಜಾರಿರುವುದು ಕಂಡಿತು. ಅದರ ಸಂದಿಯಲ್ಲಿ ಮೊಳದಷ್ಟು ಉದ್ದ ಹಾವಿನ ಮೈ ಇತ್ತು. ಎರಡೂ ತುದಿ ಹೆಂಚಿನ ಅಡಿಯಲ್ಲಿ. ಗಾಢ ಬಣ್ಣ, ಅಡ್ಡಡ್ಡ ತೆಳು ಬಿಳಿ ಪಟ್ಟಿ. ಎಡಗಡೆಗೆ ಪಟ್ಟಿ ಸ್ಪಷ್ಟ, ಬಲಗಡೆಗೆ ಹೋಗುತ್ತಾ ಮಾಸಿ ಮಾಸಿ ಇಲ್ಲವೇ ಇಲ್ಲ. ನಾಲ್ಕು ಮಾರು ದೂರದಲ್ಲೇ ನಿಂತು ನೋಡಿದೆ. ಅಲ್ಲಾಡಲಿಲ್ಲ. ಒಳಗೆ ಹೋಗಿ ಪುಟ್ಟಿಯನ್ನು ಎತ್ತಿಕೊಂಡು ಬರುವಷ್ಟರಲ್ಲಿ ಅಲ್ಲಿರಲಿಲ್ಲ. ನಿಂತ ನಿಲುವಿನಲ್ಲೇ ಡೈರಿಯಲ್ಲಿ ಬರೆದೆ: "ತಲೆಯ ಕಡೆ ಪಟ್ಟಿ ಸ್ಪಷ್ಟ, ಬಾಲದ ಕಡೆ ಮಾಸಿದೆ."

ಬಿಳಿ ಪಟ್ಟಿಯ ಹಾವುಗಳಲ್ಲಿ ನಮ್ಮ ಕಡೆ ಎರಡುಂಟು. ಒಂದು ತೋಳಹಾವು. ವಿಷವಿಲ್ಲ, ಹಲ್ಲಿ ಹಿಡಿಯಲು ಮನೆಗೆ ಬರುತ್ತದೆ. ಇನ್ನೊಂದು ಕಟ್ಟುಹಾವು. ಅದೂ ಮನೆಗೆ ಬರುತ್ತದೆ, ರಾತ್ರಿ ಹೊತ್ತು, ನೆಲದಲ್ಲಿ ಮಲಗಿದವರ ಹಾಸಿಗೆಗೆ. ಕಚ್ಚಿದರೆ ಎಷ್ಟೋ ಸಲ ನೋವೇ ಆಗುವುದಿಲ್ಲ, ಮಲಗಿದವರು ಏಳುವುದಿಲ್ಲ. ಇವೆರಡನ್ನು ಬೇರೆ ಮಾಡಲು ಟೇಪಕ್ಕ ಹೇಳುವ ಗುರುತುಗಳಲ್ಲಿ ಒಂದು ಈ ಪಟ್ಟಿ. ತೋಳಹಾವಿಗೆ ಕತ್ತಿನ ಕಡೆ ಪಟ್ಟಿ ಎದ್ದು ಕಾಣುತ್ತದೆ, ಬಾಲದ ಕಡೆ ಮಾಸುತ್ತದೆ. ಕಟ್ಟುಹಾವಿಗೆ ತಿರುಗುಮುರುಗು: ಕತ್ತಿನ ಕಡೆ ಬೋಳು, ಬಾಲದ ಕಡೆ ಸ್ಪಷ್ಟ.

ಪುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಅಂಗಡಿಗೆ ಹೋದೆ. ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ನೂರ ನಲವತ್ತು ಮಕ್ಕಳ ಯೂನಿಫಾರ್ಮು, ಐದು ದಿನದ ಗಡುವು. ಟೇಪಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಯಂತ್ರದ ಮೇಲಿನಿಂದ ಕಣ್ಣೆತ್ತದೆ ಕೇಳಿದರು, "ಏನ್ ತಾಯಿ, ಯಾವ ಬಟ್ಟೆ?"

ಡೈರಿ ತೆಗೆದು ಓದಿದೆ.

"ಕರೀನೋ ಕಂದೋ?"

"ನೆರಳಲ್ಲಿತ್ತು ಅಕ್ಕ. ಕಪ್ಪು ಅನ್ನಿಸ್ತು."

"ನೆರಳಲ್ಲಿ ಎಲ್ಲಾ ಬಟ್ಟೆನೂ ಕಪ್ಪೇ. ತಲೆ ಕಡೆ ಪಟ್ಟಿ ಚೆನ್ನಾಗಿ ಕಾಣ್ತಾ ಇತ್ತು ಅಂದ್ಯಲ್ಲ?"

"ಹೂಂ, ಬರ್ದಿದೀನಲ್ಲ."

"ಹಾಗಾದ್ರೆ ತೋಳಹಾವು. ಹಲ್ಲಿಗೆ ಬಂದಿರುತ್ತೆ. ಹೆದರಬೇಡ, ಆ ಹೆಂಚು ಮಾತ್ರ ತೆಗೆಸು." ಪುಟ್ಟಿಯ ಕೈಗೆ ಖಾಲಿ ದಾರದ ಉರುಳೆಯೊಂದನ್ನು ಕೊಟ್ಟು ಮತ್ತೆ ಯಂತ್ರ ತುಳಿದರು.

ನನಗೆ ಮೈ ಹಗುರಾಯಿತು. ಮೂರು ದಿನ ನಿಶ್ಚಿಂತೆಯಿಂದ ನಿದ್ದೆ ಮಾಡಿದೆ. ಅತ್ತೆ, "ಹಾವು ಗೋಡೆಗೆ ಒರಗಿದೆ, ಇವಳು ಹಾಸಿಗೆಗೆ ಒರಗಿದ್ದಾಳೆ" ಎಂದಾಗ, "ಅದು ತೋಳಹಾವು ಅತ್ತೆ, ವಿಷ ಇಲ್ಲ" ಎಂದು ನಾನೇ ಅವರಿಗೆ ಪಾಠ ಹೇಳಿದೆ. ಹೆಂಚು ಅಲ್ಲೇ ಇತ್ತು.

ನಾಲ್ಕನೆಯ ದಿನ ಸಂಜೆ ಐದು ಗಂಟೆಯ ಹೊತ್ತಿಗೆ ಟೇಪಕ್ಕ ನಮ್ಮ ಅಂಗಳದಲ್ಲಿದ್ದರು. ಗಡುವಿನ ಹಿಂದಿನ ದಿನ ಅವರು ಅಂಗಡಿಗೆ ಬೀಗ ಹಾಕಿ ಎರಡು ಮೈಲಿ ನಡೆದು ಬರುತ್ತಾರೆಂದು ಯಾರೂ ಊಹಿಸುವಂತಿರಲಿಲ್ಲ. ಸೆರಗಿಗೆ ಅಂಟಿದ ನೀಲಿ ದಾರದ ಚೂರುಗಳು ಹಾಗೇ ಇದ್ದವು. ಕೂರಿ ಎಂದರೂ ಕೂರಲಿಲ್ಲ.

"ಮಗು ಎಲ್ಲಿ?"

"ಒಳಗೆ ಮಲಗಿದಾಳೆ."

"ಎಲ್ಲಿ ಮಲಗಿದಾಳೆ?"

ಉತ್ತರಕ್ಕೆ ಕಾಯದೆ ಕೋಣೆಗೆ ನಡೆದರು. ಹೊಸ್ತಿಲಲ್ಲೇ ನಿಂತು ಟಾರ್ಚಿನ ಬೆಳಕನ್ನು ಹಾಸಿಗೆಯ ಸುತ್ತ, ಹೊದಿಕೆಯ ಮಡಿಕೆಯಲ್ಲಿ, ಮೂಲೆಯಲ್ಲಿ ನಿಧಾನವಾಗಿ ಆಡಿಸಿದರು. ಆಮೇಲೆ ಒಳಗೆ ಹೋಗಿ ಪುಟ್ಟಿಯನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಅವಳು ನಿದ್ದೆಗಣ್ಣಿನಲ್ಲಿ ಅವರ ಟೇಪು ಹಿಡಿದುಕೊಂಡಳು, ಬಿಡಿಸಿಕೊಳ್ಳಬೇಕಾಯಿತು.

ಏನಾಯಿತೆಂದರೆ, ಈ ಸಲ ಗಡುವು ಬಿಗಿಯೆಂದು ಟೇಪಕ್ಕ ಮೊದಲ ಬಾರಿಗೆ ಮಕ್ಕಳ ಅಳತೆಯನ್ನು ಫೋನಿನಲ್ಲಿ ಕೇಳಿ ಬರೆದುಕೊಂಡಿದ್ದರು. ಟೀಚರಮ್ಮ ಒಂದು ತರಗತಿಯ ಎದೆ ಸುತ್ತಳತೆ, ಸೊಂಟದ ಸುತ್ತಳತೆ ಎರಡನ್ನೂ ಅದಲುಬದಲು ಮಾಡಿ ಓದಿದ್ದರು. ಆ ಮಧ್ಯಾಹ್ನ ಒಬ್ಬ ಹುಡುಗಿ ಹಾಕಿ ನೋಡಲು ಬಂದಳು. ಅಂಗಿ ಎದೆಯ ಹತ್ತಿರ ಸಿಕ್ಕಿಕೊಂಡು ಕೆಳಗಿಳಿಯಲೇ ಇಲ್ಲ. ಸೊಂಟದ ಹತ್ತಿರ ಇನ್ನೊಬ್ಬಳು ಹಿಡಿಸುವಷ್ಟು ಜಾಗ.

"ಆ ಕೂಸಿನ ಅಂಗಿ ಹೊಲಿಗೆ ಬಿಚ್ಚುತಾ ಇದ್ದೆ ನೋಡು, ನೀನು ನೆನಪಾದೆ" ಎಂದರು. "ಆವತ್ತು ಎರಡು ಅಳತೆ ಬಾಯಿಮಾತಲ್ಲೇ ತಗೊಂಡೆ. ಒಂದು ಯೂನಿಫಾರ್ಮು, ಇನ್ನೊಂದು ನಿನ್ನ ಹಾವು. ಬಾ, ಎಲ್ಲಿ ಕಂಡೆ ತೋರಿಸು."

ಪುಟ್ಟಿಯನ್ನು ಅತ್ತೆಯ ಕೈಗೆ ಕೊಟ್ಟು ಹಿತ್ತಿಲಿಗೆ ಹೋದೆವು. ರಾಶಿಯಿಂದ ದೂರದಲ್ಲೇ ನಿಂತು ಅವರು ಕುತ್ತಿಗೆಯಿಂದ ಟೇಪು ತೆಗೆದರು. ತೆಗೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ನೆಲದ ಮೇಲೆ ಉದ್ದಕ್ಕೆ ಹಾಸಿದರು.

"ಇದೇ ಹಾವು ಅಂದ್ಕೋ. ಒಂದನೇ ಅಂಕಿ ತಲೆ, ಅರವತ್ತು ಬಾಲ. ನೀನು ಕಂಡ ಹಾಗೆ ಇಡು."

ಒಂದನೇ ಅಂಕಿಯನ್ನು ಎಡಕ್ಕೆ ಮಾಡಿ ಇಟ್ಟೆ.

"ತಲೆ ಎಡಕ್ಕಿತ್ತು?"

"ಹೂಂ."

"ಕಣ್ಣು ಕಂಡ್ಯಾ?"

"ಇಲ್ಲ... ಹೆಂಚಿನಡಿ ಇತ್ತಲ್ಲ."

"ಬಾಲ?"

"ಅದೂ ಅಡಿಗೇ ಇತ್ತು."

"ಮತ್ತೆ ತಲೆ ಎಡಕ್ಕೆ ಅಂತ ಯಾರು ಹೇಳಿದ್ರು ನಿಂಗೆ?"

"ಎಡಗಡೆ ಮೋರಿ ಇದೆ ಅಕ್ಕ. ಮೋರಿ ಕಡೆ ಹೋಗ್ತಿದೆ ಅಂದ್ಕೊಂಡೆ."

"ಮೋರಿ ಕಡೆ ಹೋಗ್ತಿತ್ತೋ, ಮೋರಿಯಿಂದ ಬಂದಿತ್ತೋ?"

ಟೇಪಕ್ಕ ಬಗ್ಗಿ ಟೇಪಿನ ಎರಡೂ ತುದಿ ಹಿಡಿದು ಮೆಲ್ಲಗೆ ತಿರುಗಿಸಿ ಇಟ್ಟರು. ಈಗ ಎಡಕ್ಕೆ ಅರವತ್ತು, ಬಲಕ್ಕೆ ಒಂದು. ಸ್ಪಷ್ಟ ಪಟ್ಟಿ ಬಾಲಕ್ಕೆ ಬಂತು, ಬೋಳು ಮೈ ಕತ್ತಿಗೆ ಬಂತು. ಬಲಗಡೆಯಲ್ಲಿ, ಆ ಒಂದನೇ ಅಂಕಿಯ ನೇರಕ್ಕೆ, ಗೋಡೆಯಲ್ಲಿ ಹಳೇ ನಲ್ಲಿ ಕೊಳವೆ ಕಿತ್ತ ತೂತಿತ್ತು. ಅದರ ಇನ್ನೊಂದು ಬಾಯಿ ನಮ್ಮ ಹಾಸಿಗೆಯ ತಲೆದೆಸೆ.

ನಾನು ಅಲ್ಲೇ ಕೂತುಬಿಟ್ಟೆ.

"ಕೂರೋಕೆ ಆಮೇಲೆ ಪುರುಸೊತ್ತಿದೆ, ಎದ್ದೇಳು" ಎಂದು ರಟ್ಟೆ ಹಿಡಿದು ಎಬ್ಬಿಸಿದರು. "ವೆಲ್ಡರಿಗೆ ಫೋನು ಮಾಡು. ಒಳಗಿಂದ ಆ ತೂತಿಗೆ ಬಟ್ಟೆ ತುರುಕಿದ್ರೆ ಆಗಲ್ಲ, ಹಲಗೆ ಅಡ್ಡ ಇಟ್ಟು ರುಬ್ಬುಗಲ್ಲು ಒತ್ತಿ ಇಡು. ನಾನು ಇಲ್ಲೇ ನಿಂತು ಕಾಯ್ತೀನಿ."

ವೆಲ್ಡರ್ ಎಂದರೆ ನಮ್ಮ ಕಡೆ ಹಾವು ಹಿಡಿಯಲು ಅರಣ್ಯ ಕಚೇರಿಯ ಅನುಮತಿ ಇರುವ ಒಬ್ಬನೇ ಮನುಷ್ಯ. ಗೇಟು ಬೆಸೆಯುವ ಕೆಲಸದ ನಡುವೆ ಹಾವು ಹಿಡಿಯುತ್ತಾನೆ. ಕೊಕ್ಕೆಯನ್ನೂ ತಾನೇ ಬೆಸೆದುಕೊಂಡಿದ್ದಾನೆ. ಅರ್ಧ ಗಂಟೆಯಲ್ಲಿ ಬಂದ. ಬಂದವನೇ ಟೇಪಕ್ಕನನ್ನು ನೋಡಿ, "ಏನಕ್ಕ, ಹೆಸರಿಟ್ಟಾಯ್ತಾ?" ಎಂದು ನಕ್ಕ.

"ಇಟ್ಟಿದ್ದೆ. ತಪ್ಪಾಯ್ತು. ನೀನು ತೆಗೆದು ತೋರಿಸು, ಆಮೇಲೆ ಇಡ್ತೀನಿ."

ಅವನ ನಗು ನಿಂತಿತು. ಕೊಕ್ಕೆಯಿಂದ ಒಂದೊಂದೇ ಹೆಂಚು ಸರಿಸಿದ. ಏಳನೆಯ ಸಾಲಿನಲ್ಲಿ ಮೊದಲು ಪೊರೆಯ ತುಂಡು ಸಿಕ್ಕಿತು. ಅದನ್ನವನು ಕೊಕ್ಕೆಯ ತುದಿಯಲ್ಲಿ ಚಾಚಿದ, ಟೇಪಕ್ಕ ಬಾಡುತ್ತಿದ್ದ ಬೆಳಕಿಗೆ ಹಿಡಿದರು. ಬೆನ್ನಿನ ನಟ್ಟನಡುವೆ ಉದ್ದಕ್ಕೂ ಒಂದು ಸಾಲು ಹುರುಪೆ, ಅಕ್ಕಪಕ್ಕದವಕ್ಕಿಂತ ದೊಡ್ಡವು, ಆರು ಮೂಲೆಯವು.

"ನಡುಹೊಲಿಗೆ ನೋಡಿದ್ಯಾ?" ಎಂದು ನನಗೆ ತೋರಿಸಿದರು. "ತೋಳಹಾವಿಗೆ ಇದು ಇಲ್ಲ."

ಅದರ ಕೆಳಗಿನ ಸಾಲಿನಲ್ಲಿ ಹಾವೇ ಇತ್ತು. ಸುರುಳಿ ಸುತ್ತಿ, ತಲೆಯನ್ನು ಮೈಯಡಿಗೆ ಹುದುಗಿಸಿ, ಹೊಸ ಸ್ಯಾಟಿನ್ನಿನ ಹಾಗೆ ಹೊಳೆಯುತ್ತಾ. ವೆಲ್ಡರ್ ಕೊಕ್ಕೆಯಿಂದ ಎತ್ತಿ, ತಾನು ತಂದಿದ್ದ ಚೀಲದ ಬಾಯಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಕೊಳವೆಗೆ ಬಿಟ್ಟು ಒಳಗೆ ಇಳಿಸುವಾಗ ಒಂದು ಗಳಿಗೆ ತಲೆ ಕಂಡಿತು, ಅದರ ಹಿಂದಿನ ಗೇಣುದ್ದ ಬೋಳು ಕಪ್ಪು ಕತ್ತೂ ಕಂಡಿತು. ಚೀಲದ ಬಾಯಿ ಕಟ್ಟಿದ ಮೇಲೆ ಟೇಪಕ್ಕ ಹೇಳಿದರು, "ಕಟ್ಟುಹಾವು." ಅಷ್ಟೇ. ಟೇಪನ್ನು ಎರಡು ಸಲ ತಪ್ಪಾಗಿ ಮಡಿಸಿದರು.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು. ಬೈಯುತ್ತಾರೆಂದು ನಾನು ಕಾದೆ. ಅವರು ಟೇಪಕ್ಕನ ಕೈಗೆ ಚಹದ ಲೋಟ ಇಟ್ಟು, "ನೀನು ಬರದೆ ಇದ್ದಿದ್ರೆ..." ಎಂದು ಶುರು ಮಾಡಿ ನಿಲ್ಲಿಸಿದರು.

"ನಾನು ತೋಳಹಾವು ಅಂತ ಹೇಳದೆ ಇದ್ದಿದ್ರೆ ಇವಳು ಮೂರು ದಿನ ಅಲ್ಲಿ ಮಲಗ್ತಾನೇ ಇರ್ಲಿಲ್ಲ ಅಮ್ಮ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ" ಎಂದರು ಟೇಪಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಆ ಪುಸ್ತಕ ತಾ" ಎಂದರು.

ಡೈರಿ ತಂದೆ. ಆ ಪುಟ ತೆಗೆಸಿ ಓದಿದರು. ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸನ್ನು ಕಿವಿಯ ಹಿಂದಿನಿಂದ ತೆಗೆದು "ತಲೆಯ ಕಡೆ" ಎಂಬಲ್ಲಿ ಒಂದು ಅಡ್ಡಗೆರೆ, "ಬಾಲದ ಕಡೆ" ಎಂಬಲ್ಲಿ ಒಂದು ಅಡ್ಡಗೆರೆ ಎಳೆದರು. ಪಕ್ಕದಲ್ಲಿ ನಾನು ಬರೆದುಕೊಂಡಿದ್ದ "ತೋಳಹಾವು – ಟೇಪಕ್ಕ" ಎಂಬುದರ ಮೇಲೆ ಒತ್ತಿ ಒತ್ತಿ ಮೂರು ಗೆರೆ. "ಕಂಡಿದ್ದು ಮಾತ್ರ ಬರಿ. ಎಡ, ಬಲ ಅಂತ ಬರಿ ಸಾಕು. ತಲೆ ಯಾವುದು ಅಂತ ಹಾವು ಹೇಳ್ಬೇಕು, ನೀನಲ್ಲ. ನಾನೂ ಅಲ್ಲ."

ಆ ರಾತ್ರಿ ಹಾಸಿಗೆ ಮಂಚಕ್ಕೆ ಹತ್ತಿತು. ಪುಟ್ಟಿ ಉರುಳದಂತೆ ಸುತ್ತ ಹಲಗೆ ಕಟ್ಟಿದ್ದಾಯಿತು, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯಡಿಗೆ ಸಿಕ್ಕಿಸಿದ್ದಾಯಿತು. ನಮ್ಮವರು ಮರುದಿನ ರಜೆ ಹಾಕಿ ತೂತಿಗೆ ಸಿಮೆಂಟು ಮೆತ್ತಿದರು, ಅಷ್ಟೂ ಹೆಂಚನ್ನು ಅಂಗಳದ ಆಚೆ ಸಾಗಿಸಿದರು. ವಾರವೆಲ್ಲ ನಾನು ಪುಟ್ಟಿಯ ಉಸಿರು ಎಣಿಸುತ್ತಾ ಮಲಗಿದೆ, ಆಮೇಲೆ ಅದೂ ಬಿಟ್ಟುಹೋಯಿತು.

ಟೇಪಕ್ಕ ಒಂದು ತರಗತಿಯ ಅಂಗಿಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿದರು. ಶಾಲೆ ಶುರುವಾದ ದಿನ ಆ ಮಕ್ಕಳು ಬಣ್ಣದ ಬಟ್ಟೆಯಲ್ಲೇ ಹೋದರು, ಅವಕ್ಕೆ ಖುಷಿಯೋ ಖುಷಿ. ಪೊರೆಯ ತುಂಡು ಈಗ ಅವರ ಗೋಡೆಯಲ್ಲಿದೆ, ಪಕ್ಕದಲ್ಲಿ ಬಿಳಿ ಪಟ್ಟಿಯ ಕರಿ ಸ್ಯಾಟಿನ್ನು. ಆ ಒಂದಕ್ಕೆ ಮಾತ್ರ ಬಟ್ಟೆಯ ಕೆಳಗೆ ಅಂಕಿಯೂ ಇದೆ: ಒಂದು ಕಡೆ ಒಂದು, ಇನ್ನೊಂದು ಕಡೆ ಅರವತ್ತು.

ಮೊನ್ನೆ ಬಾವಿಯ ಹತ್ತಿರ ಕಲ್ಲಿನ ಸಂದಿಗೆ ನುಗ್ಗುತ್ತಿದ್ದ ಹಾವೊಂದನ್ನು ಕಂಡು ಮತ್ತೆ ಅಂಗಡಿಗೆ ಓಡಿದೆ. ಪುಟ್ಟಿ ಈಗ ನಡೆಯುತ್ತಾಳೆ, ಆದರೂ ಆ ದಾರಿಯಲ್ಲಿ ಎತ್ತಿಕೊಂಡೇ ಹೋಗುತ್ತೇನೆ. ಬಣ್ಣ, ದಪ್ಪ, ಉದ್ದ ಎಲ್ಲ ಹೇಳಿದೆ. ಟೇಪಕ್ಕ ಯಂತ್ರ ನಿಲ್ಲಿಸಿ ಪೂರ್ತಿ ಕೇಳಿದರು.

"ತಲೆ ನೋಡಿದ್ಯಾ?"

"ಇಲ್ಲ. ಆಗಲೇ ಒಳಗೆ ಹೋಗಿತ್ತು."

"ಹಾಗಾದ್ರೆ ಅದಕ್ಕಿನ್ನೂ ಹೆಸರಿಲ್ಲ" ಎಂದು ಪುಟ್ಟಿಯ ಕೈಗೆ ಒಂದು ಖಾಲಿ ಉರುಳೆ ಕೊಟ್ಟರು. ಕತ್ತರಿಯನ್ನು ಚಿಲಕಕ್ಕೆ ಸಿಕ್ಕಿಸಿ ಎದ್ದು ಚಪ್ಪಲಿ ಮೆಟ್ಟಿದರು. "ನಡಿ, ನೋಡಿಕೊಂಡೇ ಬರೋಣ."